‘ಚೆನ್ನಾಗಿದೆ’ ಎನ್ನುವ ಮಾತಿನ ಹೊಣೆ

ಸಿನಿಮಾ ಬಿಟ್ಟ ಮೇಲೆ ಚಿತ್ರಮಂದಿರದ ಮೆಟ್ಟಿಲುಗಳ ಮೇಲೆ ಕೇಳಿಬರುವ ಮಾತುಗಳು ಮುಖ್ಯವಾಗಿ ಎರಡೇ. ಒಂದು, ‘ನನಗೆ ಹಿಡಿಸಿತು’. ಇನ್ನೊಂದು, ‘ಚೆನ್ನಾಗಿದೆ’. ಇದರ ಜಾಗದಲ್ಲಿ ಅದನ್ನೂ ಅದರ ಜಾಗದಲ್ಲಿ ಇದನ್ನೂ ಬಳಸುತ್ತೇವೆ. ಕೇಳಿದವರೂ ವ್ಯತ್ಯಾಸ ಎಣಿಸುವುದಿಲ್ಲ. ಆದರೆ ತೂಗಿ ನೋಡಿದರೆ ಇವೆರಡರ ಜಾತಿಯೇ ಬೇರೆ. ಹಿಡಿಸಿತು ಎಂದವನನ್ನು ‘ಇಲ್ಲ, ನಿನಗೆ ಹಿಡಿಸಲಿಲ್ಲ’ ಎಂದು ಯಾರೂ ತಿದ್ದಲಾರರು. ಅವನ ಮನಸ್ಸಿನ ಸಂಗತಿಗೆ ಅವನೇ ಸಾಕ್ಷಿ. ಚೆನ್ನಾಗಿದೆ ಎಂದವನಾದರೋ ತನ್ನ ಹೊರಗಿರುವ, ನಾವೂ ನೋಡಬಹುದಾದ ಒಂದು ವಸ್ತುವಿನ ಬಗ್ಗೆ ಮಾತಾಡಿದ್ದಾನೆ. ‘ಯಾಕೆ?’ ಎಂದು ಕೇಳುವ ಹಕ್ಕು ನಮಗಿದೆ, ಉತ್ತರಿಸುವ ಹೊಣೆ ಅವನ ಮೇಲಿದೆ. ಈ ಹೊಣೆಯಿಂದ ಪಾರಾಗಲು ನಾವು ಕಂಡುಕೊಂಡಿರುವ ಸುಲಭದ ದಾರಿ ‘ಅವರವರ ರುಚಿ ಅವರವರಿಗೆ’ ಎಂಬ ಮಾತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತದೆ ಗಾದೆ. ಅಲ್ಲಿ ನೋಟವೆಂದರೆ ನಾವು ತೊಡುವ ಉಡುಪು, ಪರರಿಗೆ ಕಾಣುವ ಬಗೆ. ಸಿನಿಮಾದ ನೋಟವನ್ನು ಮಾತ್ರ ನಾವು ಊಟದ ಪಂಕ್ತಿಗೇ ಸೇರಿಸಿಬಿಟ್ಟಿದ್ದೇವೆ. ಹಾಗೆ ಸೇರಿಸಿದ್ದು ಸರಿಯೇ ಎಂಬುದು ಇಲ್ಲಿಯ ಪ್ರಶ್ನೆ.

‘ಅವರವರ ರುಚಿ’ ಎಂಬ ಮಾತು ಮೇಲ್ನೋಟಕ್ಕೆ ಸಾಮಾನ್ಯ ಪ್ರೇಕ್ಷಕನಿಗೆ ಕೊಡುವ ಮರ್ಯಾದೆಯಂತೆ ಕಾಣುತ್ತದೆ. ವಿಮರ್ಶಕನಾಗಲಿ, ಪ್ರಾಧ್ಯಾಪಕನಾಗಲಿ ಅವನ ತಲೆಯ ಮೇಲೆ ಕೂರಬಾರದು ಎಂಬ ಒಳ್ಳೆಯ ಉದ್ದೇಶವೂ ಅದರಲ್ಲಿದೆ. ಆದರೆ ನಾವು ‘ಆಯಿತು, ನಿನ್ನಿಷ್ಟ’ ಎನ್ನುವುದು ಯಾರಿಗೆ? ಹಟ ಹಿಡಿದ ಮಗುವಿಗೆ, ವಾದಕ್ಕೆ ಯೋಗ್ಯನಲ್ಲವೆಂದು ನಾವು ತೀರ್ಮಾನಿಸಿದ ಮನುಷ್ಯನಿಗೆ. ತಪ್ಪಾಗಲು ಸಾಧ್ಯವೇ ಇಲ್ಲದ ಮಾತು ಸರಿಯಾಗಲೂ ಸಾಧ್ಯವಿಲ್ಲ. ಅದು ಆಕಳಿಕೆಯಂತೆ ಬರುತ್ತದೆ, ಹೋಗುತ್ತದೆ. ವಾರಕ್ಕೊಂದು ಸಿನಿಮಾ ನೋಡುವ ಮನುಷ್ಯನ ಅಭಿಪ್ರಾಯಕ್ಕೆ ಬೆಲೆ ಇದೆ ಎಂದು ನಿಜವಾಗಿ ನಂಬುವವರು ಅವನ ಅಭಿಪ್ರಾಯ ತಪ್ಪಿರಬಹುದು ಎಂಬುದನ್ನೂ ಒಪ್ಪಬೇಕಾಗುತ್ತದೆ. ಅವನ ಘನತೆ ಇರುವುದೇ ಅಲ್ಲಿ ಎಂಬುದು ನನ್ನ ವಾದ.

ಸಿನಿಮಾ ಕುರಿತ ಅಭಿಪ್ರಾಯ ತಪ್ಪಾಗುವುದೆಂದರೆ ಹೇಗೆ? 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಚಿತ್ರವನ್ನು ಗುರುಶಿಷ್ಯ ಸಂಬಂಧದ ಮಹಿಮೆಯನ್ನು ಸಾರುವ ಚಿತ್ರವೆಂದು ಹೊಗಳುವವರು ಇಂದಿಗೂ ಇದ್ದಾರೆ. ಅಶ್ವಥ್ ಅವರ ಚಾಮಯ್ಯ ಮೇಷ್ಟರು ಕನ್ನಡಿಗರ ಮನಸ್ಸಿನಲ್ಲಿ ಗುರುವಿನ ಮಾದರಿಯಾಗಿ ನಿಂತಿದ್ದಾರೆ. ಆದರೆ ಚಿತ್ರದೊಳಗೆ ನಡೆಯುವುದೇನು? ಮೇಷ್ಟರ ಮಾತಿಗೆ ಕಟ್ಟುಬಿದ್ದು ಶಿಷ್ಯ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ; ಅವಳ ಬದುಕು ಹಾಳಾಗುತ್ತದೆ. ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟರು ಮತ್ತೆ ಅಡ್ಡ ನಿಂತಾಗ ದುರ್ಗದ ಬೆಟ್ಟದಿಂದ ಕೆಳಗೆ ಬೀಳುವವರು ಮೇಷ್ಟರೇ; ಅವರ ಹಿಂದೆಯೇ ಆ ಇಬ್ಬರು ಪ್ರೇಮಿಗಳು. ಗುರುವಿನ ಪ್ರೀತಿ ನಿಜ, ಆ ಪ್ರೀತಿಯೊಳಗೆ ಹುದುಗಿದ್ದ ಜಾತಿಯ ಕಟ್ಟು ಮೂವರನ್ನೂ ತಿಂದದ್ದೂ ನಿಜ. ಎರಡನೆಯದನ್ನು ಕಾಣದೆ ಹೊಗಳುವವರು ಚಿತ್ರದ ಕೊನೆಯನ್ನು ಕಣ್ಣೆದುರಿಗಿದ್ದೂ ನೋಡಿಲ್ಲ. ಅವರಿಗೆ ಹಿಡಿಸಿದ್ದನ್ನು ನಾನು ಅಲ್ಲಗಳೆಯಲಾರೆ, ಅವರು ಹೇಳಿದ್ದು ತಪ್ಪು ಎನ್ನಬಲ್ಲೆ. ಮೂಲ ಕಾದಂಬರಿಕಾರ ತರಾಸು ಈ ಚಿತ್ರವನ್ನು ನೋಡಿ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ನೊಂದುಕೊಂಡರೆಂಬುದು ಪ್ರಸಿದ್ಧ ಮಾತು. ಅದು ಕೂಡ ಹೀಗೆಯೇ ಪರೀಕ್ಷೆಗೆ ಒಳಪಡಬೇಕಾದದ್ದು. ‘ಇದು ನಾನು ಬರೆದ ರಾಮಾಚಾರಿಯಲ್ಲ’ ಎಂದು ಹೇಳಲು ಅವರಿಗಿಂತ ದೊಡ್ಡ ಅಧಿಕಾರಿ ಇಲ್ಲ. ‘ಇದು ಒಳ್ಳೆಯ ಚಿತ್ರವಲ್ಲ’ ಎಂದು ಹೇಳಲು ಅವರು ಕೂಡ ಟಿಕೆಟ್ ಕೊಂಡ ಒಬ್ಬ ಪ್ರೇಕ್ಷಕರಷ್ಟೇ.

ರುಚಿಯ ತೀರ್ಮಾನಗಳಿಗೆ ಆಧಾರ ಇರಬಹುದೇ ಎಂಬ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರ ತನ್ನ ಪ್ರಬಂಧದಲ್ಲಿ ಎತ್ತಿಕೊಂಡು, ಸರ್ವಾಂಟಿಸ್‌ನ ಡಾನ್ ಕ್ವಿಕ್ಸೋಟ್‌ನಿಂದ ಒಂದು ಕತೆಯನ್ನು ಎರವಲು ಪಡೆಯುತ್ತಾನೆ. ಪೀಪಾಯಿಯಲ್ಲಿದ್ದ ದ್ರಾಕ್ಷಾರಸದ ರುಚಿ ನೋಡಲು ಇಬ್ಬರನ್ನು ಕರೆಸುತ್ತಾರೆ. ಒಬ್ಬ, ಚೆನ್ನಾಗಿದೆ, ಆದರೆ ಚೂರು ಚರ್ಮದ ವಾಸನೆ ಇದೆ ಎನ್ನುತ್ತಾನೆ. ಇನ್ನೊಬ್ಬ, ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ ಇದೆ ಎನ್ನುತ್ತಾನೆ. ಸುತ್ತಲಿದ್ದವರು ಇಬ್ಬರನ್ನೂ ಗೇಲಿ ಮಾಡಿ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಒಂದು ಹಳೆಯ ಕೀಲಿಕೈ ಸಿಗುತ್ತದೆ. ಈ ಕತೆಯ ಸೊಗಸು ಇರುವುದು ಇಬ್ಬರೂ ಬೇರೆ ಬೇರೆ ಹೇಳಿದರೂ ಇಬ್ಬರೂ ಸರಿಯಾಗಿದ್ದರು ಎಂಬುದರಲ್ಲಿ. ‘ಎಲ್ಲರೂ ಸರಿ’ ಎಂಬ ಮಾತಿಗೂ ಇದಕ್ಕೂ ಅಜಗಜಾಂತರ. ಯಾರಾದರೊಬ್ಬ ಬೆಳ್ಳುಳ್ಳಿಯ ರುಚಿ ಇದೆ ಎಂದಿದ್ದರೆ ಅವನು ತಪ್ಪಾಗಿರುತ್ತಿದ್ದ. ನಾಲಿಗೆಗಳು ಹಲವು, ಪೀಪಾಯಿ ಒಂದೇ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಕೀಲಿಕೈ ಸಿಕ್ಕಿದ್ದರಿಂದ ಕಬ್ಬಿಣ ಇತ್ತು ಎಂಬುದಷ್ಟೇ ಸಾಬೀತಾಯಿತು. ಕಬ್ಬಿಣದ ರುಚಿ ಕೆಟ್ಟದ್ದು ಎಂಬುದು ಸಾಬೀತಾಗಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನಿಧಾನ ಎಂದು ಒಬ್ಬ ಗೊಣಗುತ್ತಾನೆ. ನಿಧಾನ ಎಂಬುದು ನಿಜ, ಗಡಿಯಾರ ಹಿಡಿದು ತೋರಿಸಬಹುದು. ಆದರೆ ಅದು ದೋಷವೋ ಗುಣವೋ ಎಂದು ಹೇಳಬಲ್ಲ ಗಡಿಯಾರ ಯಾವುದು? ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಗಣಿತದ ಲೆಕ್ಕದಂತೆ ರುಚಿಯನ್ನು ಸಾಧಿಸಿ ತೋರಿಸುವುದು ಯಾರಿಂದಲೂ ಆಗದು. ಆದರೆ ಇಲ್ಲಿಗೆ ಮಾತು ಮುಗಿಯುವುದಿಲ್ಲ, ಇಲ್ಲಿಂದ ಸುರುವಾಗುತ್ತದೆ. ಆ ನಿಧಾನ ಏನು ಕೆಲಸ ಮಾಡುತ್ತಿದೆ ಎಂದು ಕೇಳಬಹುದು. ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಲ್ಲಿ ನಾವು ವಿಧವೆ ಯಮುನಕ್ಕನ ಗತಿಯನ್ನು ನೋಡುತ್ತೇವೆ. ಅವನಿಗೆ ಅರ್ಥವಾಗುವುದಕ್ಕಿಂತ ಅರ್ಥವಾಗದಿರುವುದೇ ಹೆಚ್ಚು. ಹುಡುಗನಿಗೆ ತಿಳಿಯುವ ವೇಗದಲ್ಲೇ ಚಿತ್ರ ನಡೆಯುತ್ತದೆ. ಅದರ ನಡಿಗೆಯನ್ನು ಚುರುಕುಗೊಳಿಸಿದರೆ ನಾವು ಅವನಿಗಿಂತ ಮುಂದೆ ಓಡಿ ಕತೆ ತಿಳಿದುಕೊಳ್ಳುತ್ತೇವೆ. ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡು ತಲೆ ಬೋಳಿಸಿ ಕೂತ ಹೆಂಗಸನ್ನು ಹುಡುಗ ಬಿಟ್ಟುಹೋಗುವ ಕೊನೆಯ ಗಳಿಗೆ ಬರಿಯ ಸುದ್ದಿಯಾಗುತ್ತದೆ. ಇಷ್ಟು ಕೇಳಿದ ಮೇಲೂ ಗೊಣಗಿದವನಿಗೆ ಚಿತ್ರ ಹಿಡಿಸದಿರಬಹುದು. ಆದರೆ ‘ನಿಧಾನ, ಆದ್ದರಿಂದ ಕೆಟ್ಟದ್ದು’ ಎನ್ನುವಾಗಿನ ‘ಆದ್ದರಿಂದ’ ಈಗ ಮೊದಲಿನಷ್ಟು ಸಲೀಸಾಗಿ ಬಾಯಿಗೆ ಬಾರದು. ಕಾರಣಗಳು ಒಪ್ಪಿಗೆಯನ್ನು ಬಲವಂತದಿಂದ ಪಡೆಯಲಾರವು. ಜಗಳವನ್ನು ವಾದವನ್ನಾಗಿ ಮಾಡಬಲ್ಲವು, ಅದೇನೂ ಚಿಕ್ಕ ಲಾಭವಲ್ಲ.

ಹಾಗಾದರೆ ಕಾರಣ ಕೊಡಬಲ್ಲವರು ತಿಳಿದವರು ಮಾತ್ರ, ತೀರ್ಪನ್ನು ಅವರಿಗೇ ಬಿಡೋಣ ಎನ್ನಬಹುದು. ಇದಕ್ಕೆ ನಮ್ಮಲ್ಲಿ ಬಹಳ ಹಿಂದೆಯೇ ಒಂದು ಉತ್ತರ ಸಿಕ್ಕಿದೆ. ಭರತನ ನಾಟ್ಯಶಾಸ್ತ್ರ ಪ್ರಯೋಗದ ಸಿದ್ಧಿಯನ್ನು ಕುರಿತು ಹೇಳುವಾಗ, ವಿವಾದ ಬಂದರೆ ತೀರ್ಮಾನಿಸಬೇಕಾದ ಪ್ರಾಶ್ನಿಕರ ಪಟ್ಟಿಯೊಂದನ್ನು ಕೊಡುತ್ತದೆ. ಅದರಲ್ಲಿ ವೈಯಾಕರಣಿ, ಛಂದಸ್ಸು ಬಲ್ಲವನು, ಸಂಗೀತಗಾರ ಇದ್ದಾರೆ. ಅವರ ಜೊತೆಗೆ ಯಜ್ಞ ಬಲ್ಲವನು, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ರಾಜಸೇವಕ ಎಲ್ಲರೂ ಇದ್ದಾರೆ. ಬಾಣ ಹೂಡುವ ನಿಲುವು ಸರಿಯೇ ಎಂದು ಹೇಳುವವನು ಬಿಲ್ಲುಗಾರ. ಪ್ರಣಯದ ನಡವಳಿಕೆ ನಂಬುವಂತಿದೆಯೇ ಎಂದು ಹೇಳುವವಳು ವೇಶ್ಯೆ. ಆ ಜಾಗದಲ್ಲಿ ವೈಯಾಕರಣಿಯ ಮಾತು ನಡೆಯದು. ಎಲ್ಲ ಗುಣಗಳೂ ಒಬ್ಬನೇ ಪ್ರೇಕ್ಷಕನಲ್ಲಿ ಇರುವುದಿಲ್ಲ ಎಂಬುದನ್ನೂ ಆ ಗ್ರಂಥ ಒಪ್ಪಿಕೊಳ್ಳುತ್ತದೆ. ಅಂದರೆ ಇಲ್ಲಿ ಅಧಿಕಾರ ಪದವಿಯಿಂದ ಬರುವುದಿಲ್ಲ, ಬಲ್ಲತನದಿಂದ ಬರುತ್ತದೆ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅಲ್ಲಿಯ ತೀರ್ಪುಗಾರರು ಅದರ ಕಟ್ಟಡವನ್ನು, ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲಿನ ಹನ್ನೊಂದು ದಿನಗಳಲ್ಲಿ ಮೂರು ತಲೆಮಾರುಗಳನ್ನು ಹೆಣೆದ ಬಗೆಯನ್ನು ಬಲ್ಲವರು. ಆದರೆ ಗೌಡನ ಮಗ ಗಡ್ಡಪ್ಪನ ಮಾತಿನ ಬನಿಯನ್ನು, ಬೈಗುಳದಲ್ಲಿ ಅಕ್ಕರೆ ಎಷ್ಟು ತಿರಸ್ಕಾರ ಎಷ್ಟು ಎಂಬುದನ್ನು, ಯಾರದೋ ಸಾವಿನ ಊಟಕ್ಕೆ ಕುರಿ ಹೊಂದಿಸುವ ಲೆಕ್ಕಾಚಾರವನ್ನು ಮಂಡ್ಯ ಸೀಮೆಯ ರೈತ ಅಡಿಬರಹದ ನೆರವಿಲ್ಲದೆ ಬಲ್ಲ. ಅದೇ ರೈತ ‘ಬಂಗಾರದ ಮನುಷ್ಯ’ (1972) ನೋಡಿ, ಬಂಡೆ ಒಡೆಯುವ ದುಡಿಮೆಯನ್ನು ತೆರೆಯ ಮೇಲೆ ದೊಡ್ಡದಾಗಿ ಕಂಡು ಹೆಮ್ಮೆಪಡುತ್ತಾನೆ, ಜೊತೆಗೆ ಬರಡು ನೆಲ ಒಂದು ಹಾಡಿನಲ್ಲಿ ಹಸಿರಾಗುವುದನ್ನು ಕಂಡು ಒಳಗೊಳಗೇ ನಗುತ್ತಾನೆ. ಎರಡಕ್ಕೂ ಆಧಾರ ಚಿತ್ರದಲ್ಲೇ ಇದೆ. ಆ ಚಿತ್ರದ ಹಿರಿಮೆಯನ್ನೂ ಮಿತಿಯನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನು ಅವನು.

ಬಲ್ಲವರ ಮಾತಿಗೂ ಮಿತಿ ಇದೆ ಎಂಬುದಕ್ಕೆ ಸಾಕ್ಷ್ಯ ಬೇಕಿದ್ದರೆ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಪಡೆದು ಪ್ರಕಟಿಸುವ ಪಟ್ಟಿಯನ್ನು ನೋಡಬಹುದು. ಹಿಚ್‌ಕಾಕ್‌ನ ‘ವರ್ಟಿಗೊ’ ಬಂದದ್ದು 1958ರಲ್ಲಿ. 1962ರ, 1972ರ ಪಟ್ಟಿಗಳ ಮೊದಲ ಹತ್ತರಲ್ಲಿ ಅದಕ್ಕೆ ಜಾಗವಿಲ್ಲ, 2012ರಲ್ಲಿ ಅದು ಪಟ್ಟಿಯ ಮೊದಲ ಚಿತ್ರವಾಯಿತು, 2022ರಲ್ಲಿ ಎರಡನೆಯದಾಯಿತು. ಜನರ ಎಣಿಕೆಯೂ ಹೀಗೆಯೇ ಹೊಯ್ದಾಡುತ್ತದೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೇ’ 1975ರ ಆಗಸ್ಟಿನಲ್ಲಿ ತೆರೆಕಂಡಾಗ ಮೊದಮೊದಲು ಸೋತಿತೆಂದೇ ಮಾತಾಗಿತ್ತು; ಆಮೇಲೆ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಈ ನಡುವೆ ರೀಲಿನಲ್ಲಿದ್ದ ಚಿತ್ರವೇನೂ ಬದಲಾಗಲಿಲ್ಲ. ‘ನೋಡಿದಿರಾ, ಎಲ್ಲವೂ ಕಾಲದ ರುಚಿ’ ಎಂದು ಎದುರಾಳಿ ಇಲ್ಲಿ ಕೈ ತಟ್ಟಬಹುದು. ಆದರೆ ವರ್ಟಿಗೊ ಮೇಲೇರಿದ್ದು ಯಾರೋ ಚೀಟಿ ಎತ್ತಿದ್ದರಿಂದಲ್ಲ. ಒಬ್ಬ ಗಂಡಸು ಒಬ್ಬ ಹೆಣ್ಣನ್ನು ತನ್ನ ಕಲ್ಪನೆಯ ಬೊಂಬೆಯಾಗಿ ತಿದ್ದುವ ಕ್ರೌರ್ಯ ಆ ಚಿತ್ರದ ನಡುಮನೆಯಲ್ಲೇ ಇದೆ ಎಂದು ಒಬ್ಬೊಬ್ಬರಾಗಿ ತೋರಿಸಿಕೊಟ್ಟದ್ದರಿಂದ. ಅಭಿಪ್ರಾಯ ಬದಲಾಯಿತು ಎಂಬುದೇ ತಪ್ಪಿತ್ತು, ತಿದ್ದಿಕೊಂಡರು ಎಂಬುದಕ್ಕೆ ಗುರುತು. ತಪ್ಪೇ ಇಲ್ಲದ ಕಡೆ ತಿದ್ದುಪಡಿಗೆ ಅರ್ಥವೆಲ್ಲಿ?

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಚಿತ್ರದಲ್ಲಿರುವುದು ಯಾವುದು, ನಾವು ಜೊತೆಗೆ ತಂದದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಕಾಶ್ಮೀರದ ಅಭಿನವಗುಪ್ತ ರಸಾಸ್ವಾದಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದನ್ನೂ ಒಂದು ವಿಘ್ನವೆಂದು ಹೇಳುತ್ತಾನೆ. 2022ರ ‘ಕಾಂತಾರ’ದ ಕೊನೆಯ ಭಾಗಕ್ಕೆ ಕೈಮುಗಿದು ಕುಳಿತವರು ಹಲವರು. ಹುಟ್ಟಿದಾಗಿನಿಂದ ಕೋಲ ನೋಡಿದ ತುಳುನಾಡಿನವನಲ್ಲಿ ಗುಳಿಗನ ಕೂಗು ಎಬ್ಬಿಸುವ ನಡುಕ ಚಿತ್ರದ್ದೋ, ದೈವದ್ದೋ? ಅದು ಬರಿಯ ಭಕ್ತಿಯಾಗಿದ್ದರೆ ಚಿತ್ರವನ್ನು ಹೊಗಳಲು ಅದು ಕಾರಣವಾಗದು. ಊರಿನ ದೈವಸ್ಥಾನದಲ್ಲೂ ಅದು ಸಿಗುತ್ತದೆ. ಆದರೆ ಪಂಜುರ್ಲಿ, ಗುಳಿಗ ಎಂಬ ಹೆಸರುಗಳನ್ನೇ ಕೇಳದ ಬೇರೆ ಭಾಷೆಯ ಜನರೂ ಆ ಇಪ್ಪತ್ತು ನಿಮಿಷಗಳಲ್ಲಿ ಉಸಿರು ಬಿಗಿಹಿಡಿದು ಕೂತರು. ಹಾಗಾದರೆ ಆ ಶಕ್ತಿಯ ಒಂದು ಪಾಲಾದರೂ ರಿಷಬ್ ಶೆಟ್ಟಿಯವರ ಮೈಯಲ್ಲಿ, ಆ ಶಬ್ದದಲ್ಲಿ, ಆ ಮಳೆ ಕೆಸರು ಬೆಂಕಿಗಳ ಕತ್ತಲಲ್ಲಿ ಇದೆ ಎನ್ನಬೇಕು. ಅದೇ ಪರೀಕ್ಷೆಯನ್ನು ಚಿತ್ರದ ಮೊದಲರ್ಧಕ್ಕೆ ಒಡ್ಡಿದರೆ ಲೀಲಾಳ ಹಿಂದೆ ಬೀಳುವ ನಾಯಕನ ಹುಡುಗಾಟ ಸವಕಲು ಎಂದು ಒಪ್ಪಬೇಕಾಗುತ್ತದೆ. ಕೊನೆಗೆ ಮೂಡಿದ ಭಕ್ತಿ ಹಿಂದಿನದನ್ನೆಲ್ಲ ತೊಳೆಯಿತು ಎನ್ನುವುದು ದೇವರಿಗೆ ಒಪ್ಪುವ ಮಾತು, ಚಿತ್ರಕ್ಕಲ್ಲ.

‘ಎರಡೂವರೆ ಗಂಟೆ ಮನಸ್ಸು ಹಗುರ ಮಾಡಿಕೊಳ್ಳಲು ಹೋಗುವವನಿಗೆ ಇದೆಲ್ಲ ಯಾಕೆ? ಕಾರಣ ಹುಡುಕುತ್ತ ಕೂತರೆ ಸಂತೋಷ ಸತ್ತುಹೋಗುತ್ತದೆ’ ಎಂಬುದು ಕೊನೆಯ ಆಕ್ಷೇಪ. ನೋಡುವಾಗ ಯಾರೂ ಕಾರಣ ಹುಡುಕಬೇಕಿಲ್ಲ. ನಾಲಿಗೆಯ ಮೇಲೆ ರುಚಿ ಮೊದಲು, ಕೀಲಿಕೈ ಆಮೇಲೆ. ಹಗುರಾದ ಮನಸ್ಸಿನವನು ‘ಹಿಡಿಸಿತು’ ಎಂದು ಹೇಳಿ ಮನೆಗೆ ಹೋದರೆ ಅವನ ಮೇಲೆ ಯಾವ ಹೊಣೆಯೂ ಇಲ್ಲ. ಆದರೆ ಹಾಗೆ ಸುಮ್ಮನೆ ಹೋಗುವವರು ಎಷ್ಟು ಜನ? ಸ್ಕೂಟರ್ ನಿಲ್ಲಿಸಿದ ಜಾಗದಿಂದಲೇ ವಾದ ಹತ್ತಿಕೊಳ್ಳುತ್ತದೆ. ‘ಆ ದೃಶ್ಯ ಬೇಕಿರಲಿಲ್ಲ’, ‘ಅವಳು ಹಾಗೆ ಮಾಡುವವಳಲ್ಲ’ ಎನ್ನುತ್ತಾರೆ. ಅವು ಹಿಡಿಸಿತು, ಹಿಡಿಸಲಿಲ್ಲ ಎಂಬ ಜಾತಿಯ ಮಾತುಗಳಲ್ಲ, ಎಲ್ಲರೂ ನೋಡಿದ ಒಂದೇ ವಸ್ತುವಿನ ಕಡೆ ಬೆರಳು ತೋರಿಸುವ ಮಾತುಗಳು. ಪುಸ್ತಕ ಓದದೆಯೇ ಸಾಮಾನ್ಯ ಪ್ರೇಕ್ಷಕ ಈ ಕೆಲಸ ಮಾಡುತ್ತಿದ್ದಾನೆ. ‘ಅವರವರ ರುಚಿ’ ಎಂಬ ಗಾದೆಯನ್ನು ಅವನು ಎಳೆದು ತರುವುದು ವಾದದಲ್ಲಿ ಸೋಲುವಾಗ ಮಾತ್ರ. ದ್ರಾಕ್ಷಾರಸದ ರುಚಿ ನೋಡಿದ ಆ ಇಬ್ಬರನ್ನು ಕಂಡು ನಕ್ಕವರಂತೆ ಅವನನ್ನು ಕಂಡು ನಗುವವರೂ ಇರುತ್ತಾರೆ. ನಗಲಿ. ಪೀಪಾಯಿ ಬರಿದಾಗಿ, ತಳದಲ್ಲಿ ತಾನು ಹೇಳಿದ್ದು ಇಲ್ಲವೆಂದು ಕಂಡ ದಿನ, ರುಚಿಯ ಗಾದೆಯ ಹಿಂದೆ ಅಡಗದೆ ‘ನಾನು ಸರಿಯಾಗಿ ನೋಡಲಿಲ್ಲ, ಇನ್ನೊಂದು ಸಲ ನೋಡುತ್ತೇನೆ’ ಎಂದರೆ ಸಾಕು.