ಬಿಡುವುದು ಯಾತಕ್ಕಾಗಿ? – ಚಾತುರ್ಮಾಸ್ಯದ ಆಹಾರನಿಯಮ ಕುರಿತು ಒಂದು ಚಿಂತನೆ



ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿಯು ಯೋಗನಿದ್ರೆಯನ್ನು ಸ್ವೀಕರಿಸುವನು. ಮರುದಿನದಿಂದ ನಮ್ಮ ಮನೆಗಳ ಅಡಿಗೆಯ ಕ್ರಮವೇ ಬದಲಾಗುವುದು. ಮೊದಲ ಮಾಸ ಶಾಕವ್ರತ. ಶ್ರೀಧರರೂಪಿ ಪರಮಾತ್ಮನ ಪ್ರೀತ್ಯರ್ಥವಾಗಿ ಕಾಯಿಪಲ್ಲೆಗಳನ್ನು ಬಿಡುವೆವು. ಹುಣಸೆಹಣ್ಣಿನ ಸ್ಥಾನಕ್ಕೆ ಮಾವಿನಪುಡಿಯೂ ಮೆಣಸಿನಕಾಯಿಯ ಸ್ಥಾನಕ್ಕೆ ಕರಿಮೆಣಸೂ ಬರುವುವು. ಎರಡನೆಯ ಮಾಸ ಹೃಷೀಕೇಶಪ್ರೀತಿಗಾಗಿ ದಧಿವ್ರತ, ಮೊಸರು ವರ್ಜ್ಯ. ಮೂರನೆಯದು ಪದ್ಮನಾಭಪ್ರೀತಿಗಾಗಿ ಕ್ಷೀರವ್ರತ, ಹಾಲು ವರ್ಜ್ಯ. ನಾಲ್ಕನೆಯದು ದಾಮೋದರಪ್ರೀತಿಗಾಗಿ ದ್ವಿದಳವ್ರತ, ಬೇಳೆಕಾಳುಗಳು ವರ್ಜ್ಯ. ಇದು ನಮ್ಮೆಲ್ಲರಿಗೂ ವಿದಿತವಾದ ವಿಷಯವೇ. ಆದರೆ ಏಕೆ ಬಿಡುತ್ತೇವೆ ಎಂದು ಮನೆಯ ಮಕ್ಕಳು ಕೇಳಿದರೆ ಸಮಾಧಾನವಾಗಿ ಉತ್ತರಿಸಬಲ್ಲವರು ನಮ್ಮಲ್ಲಿ ಎಷ್ಟು ಜನ?

ಈ ಪ್ರಶ್ನೆಯನ್ನು ಎತ್ತಲು ಕಾರಣವುಂಟು. ಬೆಳಗಾವಿ ನಗರದ ಒಂದು ಮನೆಯಲ್ಲಿ ಮಧ್ವನವಮಿಯ ದಿನ ಪೂಜೆ ಮುಗಿದು ಪಂಚಾಮೃತವನ್ನು ಕೊಡುತ್ತಿದ್ದರು. ಪರವೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳು ಕೈಯೊಡ್ಡಲಿಲ್ಲ. “ಅಜ್ಜಿ, ಅದು ಕರುವಿನ ಪಾಲಿನ ಹಾಲು, ನನಗೆ ಬೇಡ” ಎಂದಳು. ಅಜ್ಜಿಯವರು ಅವಾಕ್ಕಾದರು. “ದೇವರ ಪ್ರಸಾದಕ್ಕೆ ಬೇಡವೆನ್ನುವಷ್ಟು ದೊಡ್ಡವಳಾದೆಯಾ?” ಎಂಬ ಮಾತು ಬಂತು, ಅದರ ಹಿಂದೆ ಇನ್ನೂ ಕಠಿಣವಾದ ಮಾತುಗಳು ಬಂದುವು. ಆ ದಿನ ಹಸ್ತೋದಕದ ಪಂಕ್ತಿಯಲ್ಲಿ ಅಜ್ಜಿಯೂ ಮೊಮ್ಮಗಳೂ ಕೂಡಿ ಕುಳಿತು ಉಣ್ಣಲಿಲ್ಲ. ಇಂಥ ಪ್ರಸಂಗಗಳು ಈಗ ಅಪೂರ್ವವಲ್ಲ. ಆದುದರಿಂದ ಈ ವಿಷಯವನ್ನು ನಾವು ಸ್ವಲ್ಪ ಶಾಂತವಾಗಿ ವಿಚಾರಿಸಬೇಕಾಗಿದೆ.

ಮನುಷ್ಯನು ಆಹಾರದಲ್ಲಿ ಒಂದನ್ನು ಬಿಡುವುದಕ್ಕೆ ಕಾರಣಗಳು ಅನೇಕ. ವೈದ್ಯರು ಹೇಳಿದರೆಂದು ಸಕ್ಕರೆಯನ್ನು ಬಿಡುವವರುಂಟು. ಹಿರಿಯರ ಕಾಲದಿಂದ ನಡೆದುಬಂದುದೆಂದು ಬಿಡುವವರುಂಟು. ಪ್ರಾಣಿಗಳ ನೋವನ್ನು ಕಂಡು ಬಿಡುವವರುಂಟು. ೧೯೪೪ರಲ್ಲಿ ಇಂಗ್ಲೆಂಡಿನಲ್ಲಿ ಕೆಲವರು ಕೂಡಿ, ಮಾಂಸದೊಡನೆ ಹಾಲು, ಮೊಟ್ಟೆಗಳನ್ನೂ ಬಿಡುವ ಸಂಘವನ್ನು ಕಟ್ಟಿದರು. ‘ವೀಗನ್’ ಎಂಬ ಹೆಸರು ಹುಟ್ಟಿದ್ದು ಆಗ. ಬಿಡುವ ಪದಾರ್ಥ ಒಂದೇ ಆದರೂ ಬಿಡುವ ಕಾರಣ ಬೇರೆಯಾಗಿರಬಹುದು. ನಮ್ಮ ನೆರೆಯ ಜೈನ ಬಂಧುಗಳೂ ಉಳ್ಳಾಗಡ್ಡೆಯನ್ನು ವರ್ಜಿಸುವರು, ನಾವೂ ವರ್ಜಿಸುವೆವು. ನೆಲದೊಳಗಿನ ಗಡ್ಡೆಯಲ್ಲಿ ಅಸಂಖ್ಯ ಜೀವಗಳಿವೆಯೆಂಬುದು ಅವರ ಕಾರಣ. ಅದು ತಾಮಸ ಪದಾರ್ಥವೆಂಬುದು ನಮ್ಮ ಕಾರಣ. ಆದುದರಿಂದಲೇ ಅವರು ಮುಟ್ಟದ ಬಟಾಟೆಯ ಪಲ್ಯ ನಮ್ಮ ಎಲೆಗಳಲ್ಲಿ ನಿಸ್ಸಂಕೋಚವಾಗಿ ಬಡಿಸಲ್ಪಡುತ್ತದೆ.

ಚಾತುರ್ಮಾಸ್ಯದ ನಿಯಮಕ್ಕೆ ಮಳೆಗಾಲವೇ ಕಾರಣವೆಂದು ಹೇಳುವವರುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಖಾನಾಪುರ ತಾಲೂಕಿನಲ್ಲಿ, ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆ, ಆಷಾಢ ಶ್ರಾವಣಗಳ ಮಳೆಯನ್ನು ಕಂಡವರು ಬಲ್ಲರು. ಸೊಪ್ಪಿನ ಎಲೆಯೆಲೆಯಲ್ಲಿಯೂ ಹುಳು, ನೆಲದ ಅಂಗುಲ ಅಂಗುಲದಲ್ಲಿಯೂ ಮೊಳಕೆ. ನಡೆದರೆ ಪ್ರಾಣಿಹಿಂಸೆಯಾದೀತೆಂದು ಯತಿಗಳು ಒಂದೆಡೆ ನಿಲ್ಲುವ ಕಾಲವಿದು. ಅದೇ ತಾಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕಾ ನಗರ. ಇಂದು ಭೂವರಾಹ ನರಸಿಂಹ ದೇವಾಲಯದಿಂದ ಪ್ರಸಿದ್ಧವಾದ ಈ ಊರಿನಲ್ಲಿ ದೊರೆತ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ರವಿವರ್ಮನ ತಾಮ್ರಶಾಸನವು ಮಳೆಗಾಲದ ನಾಲ್ಕು ತಿಂಗಳು ಜೈನ ತಪಸ್ವಿಗಳಿಗೆ ಆಹಾರದ ವ್ಯವಸ್ಥೆ ನಡೆಯಬೇಕೆಂದು ವಿಧಿಸುತ್ತದೆ. ಈ ನೆಲದಲ್ಲಿ ನಾಲ್ಕು ತಿಂಗಳ ನಿಯಮವು ಎಷ್ಟು ಪ್ರಾಚೀನವಾದುದೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಹುಳುಗಳ ಭಯವೇ ಕಾರಣವಾಗಿದ್ದರೆ ಹಾಲನ್ನೇಕೆ ಬಿಡಬೇಕು? ಬೇಳೆಯನ್ನೇಕೆ ಬಿಡಬೇಕು? ಇಲ್ಲಿಯೇ ವ್ರತದ ಮರ್ಮವಿದೆ. ಮಾಸ ಮುಗಿದು ವ್ರತವನ್ನು ಸಮರ್ಪಿಸುವಾಗ ಯಾವ ಪದಾರ್ಥವನ್ನು ಬಿಟ್ಟಿದ್ದೆವೋ ಅದನ್ನೇ ದಾನ ಮಾಡುವ ಸಂಪ್ರದಾಯವುಂಟು. ಕೆಟ್ಟ ಪದಾರ್ಥವನ್ನು ಯಾರಾದರೂ ದಾನ ಮಾಡುವರೇ? ನಾವು ಬಿಡುವುದು ಕೆಟ್ಟುದನ್ನಲ್ಲ, ನಮಗೆ ಪ್ರಿಯವಾದುದನ್ನು. ಕ್ಷೀರವ್ರತದ ನಡುವೆಯೇ ನವರಾತ್ರಿ ಬರುವುದು. ಹಾಲನ್ನು ಕೆಂಪಾಗುವತನಕ ಬತ್ತಿಸಿ ಮಾಡುವ ಕುಂದಾದ ಪರಿಮಳ ಬೆಳಗಾವಿಯ ಮಿಠಾಯಿ ಅಂಗಡಿಗಳ ಮುಂದೆ ಹೋಗುವವರನ್ನು ನಿಲ್ಲಿಸುತ್ತದೆ. ಕುಂದಾದಲ್ಲಿ ದೋಷವಿಲ್ಲ, ಅದು ಕಂಡೊಡನೆ ಕೈ ಮುಂದಾಗುವ ನಮ್ಮ ಅಧೀನತೆಯಲ್ಲಿ ದೋಷವಿದೆ. ಅದನ್ನು ದಾಟಿ ಹೋಗುವಾಗ ‘ಇದು ಪದ್ಮನಾಭನಿಗೆ’ ಎಂಬ ಸ್ಮರಣೆ ಬಂದರೆ ವ್ರತ ಫಲಿಸಿತು. ಬರದಿದ್ದರೆ ಹಾಲಿನ ಖರ್ಚು ಉಳಿಯಿತು, ಅಷ್ಟೇ.

ಹಾಗಾದರೆ ದಯೆಯಿಂದ ಬಿಡುವುದು ನಮಗೆ ಹೊರಗಿನ ಮಾತೇ? ಖಂಡಿತ ಅಲ್ಲ. ಯಜ್ಞದಲ್ಲಿ ಜೀವಂತ ಪಶುವಿನ ಸ್ಥಾನದಲ್ಲಿ ಹಿಟ್ಟಿನ ಪಶುವನ್ನು ಉಪಯೋಗಿಸುವ ಪಿಷ್ಟಪಶುಯಾಗವು ಶ್ರೀಮದಾಚಾರ್ಯರ ಪರಂಪರೆಯಲ್ಲಿ ನಡೆದುಬಂದುದು ಪ್ರಸಿದ್ಧವಾಗಿದೆ. ಅಲ್ಲಿ ಯಾಗವು ನಿಲ್ಲಲಿಲ್ಲ, ಹಿಂಸೆ ನಿಂತಿತು. ದಯೆ ಮತ್ತು ಭಗವದಾರಾಧನೆ ಪರಸ್ಪರ ವಿರೋಧಿಗಳಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ಕರು ಕುಡಿದು ತೃಪ್ತವಾದ ಮೇಲೆ ಉಳಿದ ಹಾಲು ನಮ್ಮದೆಂದು ಹಿರಿಯರು ಹೇಳುತ್ತಿದ್ದರು. ಹಿತ್ತಿಲಲ್ಲಿ ಆಕಳಿದ್ದಾಗ ಆ ಮಾತನ್ನು ನಡೆಸುವುದು ಸಾಧ್ಯವಿತ್ತು. ಇಂದು ಚೀಲದಲ್ಲಿ ಬರುವ ಹಾಲಿನ ಕರು ಎಲ್ಲಿದೆಯೆಂದು ನಾವು ಕೇಳುವುದಿಲ್ಲ. ಮೊಮ್ಮಗಳು ಕೇಳಿದಳು. ಕೇಳಿದುದು ಅಪರಾಧವಲ್ಲ.

ಸಂಕಲ್ಪದ ವಿಷಯದಲ್ಲಿ ನಮ್ಮೂರಿಗೆ ಸಂಬಂಧಪಟ್ಟ ಒಬ್ಬ ಮಹನೀಯರ ಅನುಭವ ಸ್ಮರಣೀಯವಾಗಿದೆ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಮಹಾತ್ಮಾ ಗಾಂಧಿಯವರು ೧೯೧೨ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗಲೇ ಹಾಲನ್ನು ತ್ಯಜಿಸಿದ್ದರು. ಇಂದ್ರಿಯನಿಗ್ರಹವೂ ಗೋವುಗಳಿಗೆ ಆಗುವ ಹಿಂಸೆಯೂ ಅವರಿಗೆ ಕಾರಣಗಳಾಗಿದ್ದುವು. ಮುಂದೆ ತೀವ್ರ ಅಸ್ವಸ್ಥತೆಯಲ್ಲಿ, ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದುದು ಆಕಳು ಎಮ್ಮೆಗಳ ಹಾಲು ಮಾತ್ರವೆಂದು ಸಮಾಧಾನ ಮಾಡಿಕೊಂಡು ಆಡಿನ ಹಾಲನ್ನು ಸ್ವೀಕರಿಸಿದರು. ಅಕ್ಷರ ಉಳಿದರೂ ಸಂಕಲ್ಪದ ಆತ್ಮಕ್ಕೆ ಲೋಪವಾಯಿತೆಂಬ ವ್ಯಥೆಯನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ತೋಡಿಕೊಂಡಿದ್ದಾರೆ. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಪದಾರ್ಥಗಳ ಪಟ್ಟಿಯಷ್ಟೇ ವ್ರತವಲ್ಲ ಎಂಬುದು ಒಂದು. ದೇಹದ ಯೋಗ್ಯತೆಯನ್ನರಿತು ಸಂಕಲ್ಪ ಮಾಡಬೇಕೆಂಬುದು ಇನ್ನೊಂದು. ಔಷಧದಿಂದಲೂ ಗುರುವಚನದಿಂದಲೂ ವ್ರತಭಂಗವಾಗದೆಂದು ಧರ್ಮಶಾಸ್ತ್ರವು ಹೇಳಿದೆ; ವೃದ್ಧರೂ ರೋಗಿಗಳೂ ಇದನ್ನು ಮರೆಯಬಾರದು. ಹಾಲು ಮೊಸರುಗಳನ್ನು ಶಾಶ್ವತವಾಗಿ ಬಿಡುವವರು, ಬಿ೧೨ ಎಂಬ ಜೀವಸತ್ವವು ಸಸ್ಯಾಹಾರದಿಂದ ಸಾಕಷ್ಟು ದೊರೆಯದಿರುವುದರಿಂದ, ವೈದ್ಯರನ್ನು ಕೇಳಿ ಅದನ್ನು ಬೇರೆ ರೀತಿಯಿಂದ ಪಡೆಯುವುದು ಅವಶ್ಯ.

ಈಗ ಆ ಮನೆಗೆ ಹಿಂದಿರುಗೋಣ. ಮೊಮ್ಮಗಳಿಗೆ ನಮ್ಮ ವಿಜ್ಞಾಪನೆಯಿಷ್ಟು: ತಂಗೀ, ನಿನ್ನ ದಯೆ ದೊಡ್ಡದು. ಆದರೆ ‘ನಾನು ಬಿಟ್ಟೆ’ ಎಂಬ ಅಹಂಕಾರ ಬೆಳೆದರೆ ಬಿಟ್ಟುದೆಲ್ಲ ವ್ಯರ್ಥ. ವೈಶ್ವಾನರರೂಪದಿಂದ ನಿನ್ನೊಳಗಿದ್ದು ನೀನುಂಡ ಅನ್ನವನ್ನು ಪಚನ ಮಾಡುವವನು ಶ್ರೀಹರಿ. ನಿನ್ನ ತ್ಯಾಗವನ್ನೂ ಅವನಿಗೇ ಅರ್ಪಿಸು. ಅಜ್ಜಿಯವರ ಕೈಯಲ್ಲಿದ್ದುದು ಬರಿಯ ಹಾಲಲ್ಲ, ಅರ್ಪಿತವಾದ ಪ್ರಸಾದ ಎಂಬುದನ್ನು ತಿಳಿ. ಅಜ್ಜಿಯವರಿಗೆ ನಮ್ಮ ವಿಜ್ಞಾಪನೆ: ತಾಯೀ, ವರ್ಷಕ್ಕೊಂದು ಮಾಸ ಹಾಲನ್ನು ಬಿಡುವ ತಾವೇ, ಹಾಲು ಬಿಟ್ಟವಳನ್ನು ಧರ್ಮ ಬಿಟ್ಟವಳೆನ್ನಬಹುದೇ? ಪಂಚಾಮೃತದ ವಿಷಯದಲ್ಲಿ ಒತ್ತಾಯ ಬೇಡ. ತುಲಸೀದಳವಿದೆ, ತೀರ್ಥವಿದೆ, ಅದರಲ್ಲಿ ಯಾವ ಕರುವಿನ ಪಾಲೂ ಇಲ್ಲ. ಅದನ್ನು ಪ್ರೀತಿಯಿಂದ ಕೊಟ್ಟರೆ ಅವಳು ಕೈಯೊಡ್ಡುವಳು. ಅವಳು ಕೇಳಿದ ಪ್ರಶ್ನೆಯನ್ನು ತಾವೂ ಒಮ್ಮೆ ಹಾಲಿನವನಲ್ಲಿ ಕೇಳಿರಿ. ಕರುವಿಗೆ ಪಾಲು ಬಿಡುವ ಮನೆಯ ಹಾಲು ಒಂದು ಸೇರು ದೊರೆತರೂ ದೇವರ ಅಭಿಷೇಕಕ್ಕೆ ಅದನ್ನೇ ಇಡಿರಿ.

ನಾಲಿಗೆಗೆ ಭಗವಂತನು ಎರಡು ಕೆಲಸಗಳನ್ನು ಕೊಟ್ಟಿರುವನು. ಒಳಗೆ ಹೋಗುವುದನ್ನು ರುಚಿ ನೋಡುವುದು ಒಂದು, ಹೊರಗೆ ಬರುವುದನ್ನು ಆಡುವುದು ಇನ್ನೊಂದು. ಒಳಹೋಗುವ ಬಾಗಿಲಿಗೆ ನಾಲ್ಕು ತಿಂಗಳು ಕಾವಲಿಟ್ಟು, ಹೊರಬರುವ ಬಾಗಿಲನ್ನು ತೆರೆದೇ ಬಿಟ್ಟರೆ ವ್ರತ ಅರ್ಧವೇ ಆಯಿತು. ಈ ಸಲ ಶಾಕವ್ರತದ ಸಂಕಲ್ಪವನ್ನು ಮಾಡುವಾಗ ಕಾಯಿಪಲ್ಲೆಯೊಡನೆ ಒಂದು ಕಟುವಚನವನ್ನೂ ಬಿಡುವೆವೆಂದು ಸಂಕಲ್ಪಿಸೋಣ. ಉತ್ಥಾನ ದ್ವಾದಶಿಯ ದಿನ ಕಾಯಿಪಲ್ಲೆ ಹಾಲು ಮೊಸರು ಬೇಳೆಗಳು ಮತ್ತೆ ನಮ್ಮ ಎಲೆಗೆ ಬರಲಿ. ಆ ಮಾತು ಮಾತ್ರ ಮರಳಿ ಬಾರದಿರಲಿ. ಅಂದು ಅಜ್ಜಿಯೂ ಮೊಮ್ಮಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾದರೆ ದಾಮೋದರನು ಸುಪ್ರೀತನಾಗುವನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥