ಶೋಕದ ಎರಡು ದಾರಿಗಳು

ಪ್ರಾಚೀನ ಗ್ರೀಕ್ ಕಾವ್ಯಗಳಲ್ಲಿ ‘ಗೊಓಸ್’ ಎಂಬ ಪದವೊಂದುಂಟು. ಸತ್ತವರನ್ನು ನೆನೆದು ಎತ್ತಿದ ದನಿಯಲ್ಲಿ ಗೋಳಿಡುವುದು ಎಂದು ಅದರ ಅರ್ಥ. ಗಾಯಕರು ಹಾಡುವ ಶೋಕಗೀತೆಗೆ ‘ಥ್ರೇನೊಸ್’ ಎಂಬ ಬೇರೆ ಹೆಸರೇ ಇತ್ತು. ಹೋಮರನ ‘ಇಲಿಯಡ್’ ಮಹಾಕಾವ್ಯದ ಕೊನೆಯಲ್ಲಿ ಟ್ರಾಯ್‌ನ ವೀರ ಹೆಕ್ಟರನ ಶವದೆದುರು ಪತ್ನಿ, ತಾಯಿ, ಸೋದರನ ಪತ್ನಿ ಒಬ್ಬರಾದ ಮೇಲೊಬ್ಬರು ಹೀಗೆ ಗೋಳಿಡುತ್ತಾರೆ.

ಇಂತಹ ರೋದನ ವಿವೇಕಿಗೆ ಉಚಿತವೇ? ಅಲ್ಲವೆಂದವರು ಗ್ರೀಸಿನಲ್ಲಿಯೇ ಇದ್ದರು. ಕ್ರಿ.ಪೂ. ಆರನೆಯ ಶತಮಾನದ ಆರಂಭದಲ್ಲಿ ಅಥೆನ್ಸಿನ ಶಾಸನಕರ್ತ ಸೋಲನ್ ಶವಸಂಸ್ಕಾರದಲ್ಲಿ ಮೈ ಪರಚಿಕೊಂಡು ಗೋಳಾಡುವುದನ್ನು ನಿರ್ಬಂಧಿಸಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ವೀರರ ಪ್ರಲಾಪಗಳು ಆದರ್ಶ ರಾಜ್ಯದ ಕಾವ್ಯದಲ್ಲಿ ಇರಕೂಡದೆಂಬುದು ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ವಾದ.

ಈ ಆತಂಕ ನಿರಾಧಾರವಲ್ಲ. ಗೆಳೆಯ ಪೆಟ್ರೋಕ್ಲಸ್ ಮಡಿದಾಗ ಅಖಿಲೀಸನ ಆಕ್ರಂದನವು ಸೇಡಾಗಿ ತಿರುಗಿತು. ಅವನು ಹೆಕ್ಟರನನ್ನು ಕೊಂದು ಶವವನ್ನು ರಥಕ್ಕೆ ಕಟ್ಟಿ ಎಳೆದನು; ಗೆಳೆಯನ ಚಿತೆಯ ಬಳಿ 12 ಮಂದಿ ಟ್ರಾಯ್ ತರುಣರನ್ನು ವಧಿಸಿದನು. ಅಷ್ಟಾದರೂ ದುಃಖ ತಣಿಯಲಿಲ್ಲ.

ಆ ಬಳಿಕ ಒಂದು ರಾತ್ರಿ ಹೆಕ್ಟರನ ತಂದೆ, ವೃದ್ಧ ಅರಸ ಪ್ರಿಯಾಮ್, ಶತ್ರುವಿನ ಬಿಡಾರಕ್ಕೆ ಬಂದನು. ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು, ‘ನಿನ್ನ ತಂದೆಯನ್ನು ನೆನೆದುಕೋ’ ಎಂದು ಬೇಡಿದನು. ಇಬ್ಬರೂ ಅತ್ತರು, ಒಬ್ಬನು ಮಗನಿಗಾಗಿ, ಇನ್ನೊಬ್ಬನು ತಂದೆಗಾಗಿ, ಗೆಳೆಯನಿಗಾಗಿ. ಈ ರೋದನಕ್ಕೂ ಕವಿ ಬಳಸಿದ ಪದ ಗೊಓಸ್. ಅತ್ತು ಮುಗಿದ ಮೇಲೆ ಅಖಿಲೀಸನು ಮುದುಕನನ್ನು ಕೈಹಿಡಿದು ಎಬ್ಬಿಸಿದನು. ಶವವನ್ನು ಒಪ್ಪಿಸಿ, ಅಂತ್ಯಕ್ರಿಯೆಗೆಂದು 11 ದಿನ ಯುದ್ಧ ನಿಲ್ಲಿಸಲು ಒಪ್ಪಿದನು.

ಯುದ್ಧವೇನೂ ಮುಗಿಯಲಿಲ್ಲ. ಆದರೆ ಅಷ್ಟು ಶವಗಳು ಕೊಡಲಾರದ ಶಾಂತಿಯನ್ನು ಶತ್ರುವಿನ ಕಣ್ಣೀರು ಕೊಟ್ಟಿತು. ಆದ್ದರಿಂದ ದುಃಖಿತನು ದನಿಯೆತ್ತಿ ಅಳಬೇಕೋ ಬೇಡವೋ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ಮೌನವಾಗಿದ್ದವನೂ ಒಳಗೆ ದ್ವೇಷವನ್ನು ಬೆಳೆಸಬಲ್ಲನು. ‘ನನ್ನ ನಷ್ಟವೊಂದೇ ನಷ್ಟ’ ಎನ್ನುವ ಶೋಕವು ಹಿಂಸೆಯ ಕಡೆಗೆ ನಡೆಯುತ್ತದೆ. ಪರರ ನಷ್ಟವನ್ನೂ ಕಂಡ ಶೋಕವು ಕರುಣೆಯ ಕಡೆಗೆ ನಡೆಯುತ್ತದೆ. ಅಖಿಲೀಸನು ಎರಡು ದಾರಿಗಳನ್ನೂ ತುಳಿದನು. ಎರಡನೆಯದರಲ್ಲಿ ಮಾತ್ರ ಅವನಿಗೆ ಶಾಂತಿ ಸಿಕ್ಕಿತು.