ಅಲ್ಲಿ ದಿನವಿಡೀ ಏನು ಮಾಡುತ್ತಾರೆ?



ಮಗನನ್ನೋ ಮಗಳನ್ನೋ ಪರದೇಶದ ಪ್ರೇಷಿತ ಸೇವೆಗೆ ಕಳುಹಿಸಿದ ತಂದೆತಾಯಿಗಳು ಆಗಾಗ ಕೇಳುವ ಪ್ರಶ್ನೆ ಇದು: "ಫಾದರ್, ಅಲ್ಲಿ ದಿನವಿಡೀ ಏನು ಮಾಡ್ತಾರೆ?" ಪ್ರೇಷಿತ ಭಾನುವಾರದಂದು ಹಡಗು, ಕಾಡು, ರಕ್ತಸಾಕ್ಷಿಗಳ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಸಂದೇಹ ಬರುವುದು ಸಹಜ. ಉತ್ತರ ತೀರಾ ಸಪ್ಪೆಯಾಗಿದೆ. ಮೊದಲ ಒಂದೆರಡು ವರ್ಷ ಅವರು ಮಾತು ಕಲಿಯುತ್ತಾರೆ, ಕೊಟ್ಟದ್ದನ್ನು ಉಣ್ಣುತ್ತಾರೆ, ಊರಿನ ಗಡಿಯಾರಕ್ಕೆ ತಮ್ಮ ಗಡಿಯಾರವನ್ನು ಹೊಂದಿಸಿಕೊಳ್ಳುತ್ತಾರೆ.

ಇದಕ್ಕೆ ಪರದೇಶಕ್ಕೇ ಹೋಗಬೇಕೆಂದಿಲ್ಲ. ಕರಾವಳಿಯ ಕೊಂಕಣಿ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಮೀನು ಉಂಡು ಬೆಳೆದ ಯುವಗುರುವನ್ನು ಜಗಳೂರಿಗೆ ಕಳುಹಿಸಿ ನೋಡಿ. "ಊಟ ಆತೇನ್ರೀ? ಬರ್ರಿ, ಕುಂದ್ರಿ" ಎಂಬ ಮಾತಿಗೆ ಏನು ಹೇಳಬೇಕೆಂದು ಅವರು ಅರೆಗಳಿಗೆ ತಡವರಿಸುತ್ತಾರೆ. ಚನ್ನಗಿರಿಯಲ್ಲಿ ಅಡಿಕೆ ಸುಗ್ಗಿಯೆಂದರೆ ರಾತ್ರಿ ಹತ್ತಾದರೂ ಹೆಂಗಸರು ಮೆಟ್ಟುಗತ್ತಿ ಬಿಟ್ಟು ಏಳುವುದಿಲ್ಲ. ಜಪಸರ ಏಳೂವರೆಗೇ ಆಗಬೇಕೆಂದು ಹಟ ಹಿಡಿದರೆ ಗುರುಗಳೊಬ್ಬರೇ ಪ್ರಾರ್ಥಿಸಬೇಕಾದೀತು. ಹೊನ್ನಾಳಿ, ನ್ಯಾಮತಿಗಳಲ್ಲಿ ಮೆಕ್ಕೆಜೋಳದ ಕಟಾವು. ಜಗಳೂರಿನಲ್ಲಿ ಬರದ ವರ್ಷವಾದರೆ ನೀರಿನ ಟ್ಯಾಂಕರ್ ಬರುವ ಹೊತ್ತೇ ಎಲ್ಲಕ್ಕೂ ಹೊತ್ತು. ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ತತ್ವಶಾಸ್ತ್ರ, ದೈವಶಾಸ್ತ್ರಗಳು ಇಲ್ಲಿ ಸುಮ್ಮನೆ ಪೆಟ್ಟಿಗೆಯಲ್ಲಿ ಕುಳಿತಿರುತ್ತವೆ.

ಪೂರ್ವ ಆಫ್ರಿಕಾಕ್ಕೆ ಹೋದವರ ಪಾಡೂ ಇದೇ. ತಾಂಜಾನಿಯಾ, ಕೀನ್ಯಾಗಳಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಮಾಡುವ 'ಉಗಾಲಿ' ನಿತ್ಯದ ಊಟ. ಅದು ನಮ್ಮ ಮುದ್ದೆಯ ತಮ್ಮ. ಮೆಕ್ಕೆಜೋಳವನ್ನು ಮಂಡಿಗೆ ಹಾಕುವ ಬೆಳೆಯೆಂದೇ ತಿಳಿದ ಹೊನ್ನಾಳಿಯ ಹುಡುಗ ಅಲ್ಲಿ ಅದನ್ನು ಕೈಯಲ್ಲಿ ನಾದಿ ಉಣ್ಣಬೇಕು. ಅಲ್ಲಿನ ಸ್ವಾಹಿಲಿ ನುಡಿಯಲ್ಲಿ ಕುಶಲ ಕೇಳುವ ಮಾತು 'ಹಬಾರಿ'. ಅರಬ್ಬೀ ಮೂಲದಿಂದ ಬಂದ ನಮ್ಮ 'ಖಬರ್' ಎಂಬ ಪದದ ಸಂಬಂಧಿಯೇ ಅದು. ಮನೆ, ಮಕ್ಕಳು, ದನಕರು ಎಲ್ಲದರ ಖಬರ್ ಕೇಳಿದ ಮೇಲೆಯೇ ಕೆಲಸದ ಮಾತು.

ಯೇಸುಸ್ವಾಮಿ ಎಪ್ಪತ್ತೆರಡು ಶಿಷ್ಯರನ್ನು ಕಳುಹಿಸುವಾಗ ಕೊಟ್ಟ ಅಪ್ಪಣೆಯನ್ನು ಸಂತ ಲೂಕರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಓದಿ. ಮನೆಯಿಂದ ಮನೆಗೆ ಅಲೆಯಬೇಡಿ, ಬಡಿಸಿದ್ದನ್ನು ಊಟಮಾಡಿ ಎಂಬ ಮಾತುಗಳು ಅಲ್ಲಿವೆ. ಊಟದ ವಿಷಯವನ್ನು ಸ್ವಾಮಿ ಎರಡು ಸಲ ಹೇಳುತ್ತಾರೆ! ಪ್ರೇಷಿತನು ಕೊಡುವವನಾಗುವ ಮೊದಲು ಪಡೆಯುವವನಾಗಬೇಕು. ಸ್ವತಃ ದಿವ್ಯವಾಣಿಯೇ ಮನುಷ್ಯರಾದಾಗ ಏನಾಯಿತು? ತೊದಲು ಮಾತಿನಿಂದ ಆರಂಭಿಸಿ ಮಾತೆ ಮರಿಯಳ ಬಾಯಿಂದ ಒಂದೊಂದೇ ಪದ ಕಲಿಯಬೇಕಾಯಿತು.

ನಮ್ಮ ಕನ್ನಡ ನಾಡಿಗೂ ಹೀಗೆ ಕಲಿಯಲು ಬಂದವರಿದ್ದಾರೆ. ಫ್ರಾನ್ಸಿನ ಅಬ್ಬೆ ದುಬುವಾ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದರು. ಪ್ಯಾರಿಸ್ ಪ್ರೇಷಿತ ಸಭೆಯ ಈ ಗುರುವಿಗೆ ಆಗ 26 ವರ್ಷ. ಮೊದಲು ತಮಿಳು ನಾಡಿನಲ್ಲಿದ್ದು, 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಉಡುಪು, ಊಟ, ನಡೆನುಡಿಗಳಲ್ಲಿ ಇಲ್ಲಿನವರಂತೆ ಬಾಳಿದ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಸಿಡುಬಿಗೆ ಚುಚ್ಚುಮದ್ದು ಭಾರತಕ್ಕೆ ಬಂದದ್ದು 1802ರಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿಯೇ ಅವರು ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ದಾಕು ಹಾಕಿಸಿದರು. (ಈ ಮಾತು ಹಳಬರಿಗೆ ನೆನಪಿರಬಹುದು.) ಹಾಸನ ಸೀಮೆಯಲ್ಲಿ ಬಡ ಕುಟುಂಬಗಳಿಗೆ ಬೇಸಾಯದ ನೆಲೆಯನ್ನೂ ಮಾಡಿಕೊಟ್ಟರು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 31 ವರ್ಷಗಳ ನಂತರ, 1823ರಲ್ಲಿ ಅವರು ಫ್ರಾನ್ಸಿಗೆ ಹಿಂತಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳ ಪುಸ್ತಕದಲ್ಲಿ, ಇಷ್ಟು ವರ್ಷಗಳಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದ್ದು 200-300 ಜನರನ್ನು ಮಾತ್ರ, ಈಗಿನ ಸ್ಥಿತಿಯಲ್ಲಿ ಈ ದೇಶದಲ್ಲಿ ಪ್ರೇಷಿತ ಕಾರ್ಯಕ್ಕೆ ಭರವಸೆಯಿಲ್ಲ ಎಂದು ಬರೆದರು. ಯೌವನವನ್ನೆಲ್ಲ ಒಂದು ನೆಲಕ್ಕೆ ಕೊಟ್ಟವನು ಕೊನೆಗೆ ಅದನ್ನು ಸೋಲೆಂದು ಬರೆದಿಟ್ಟರೆ ನಾವು ಏನು ಹೇಳೋಣ? ಅದನ್ನು ಅವಿಶ್ವಾಸವೆಂದು ಕರೆಯಲು ನನಗೆ ಮನಸ್ಸು ಬಾರದು. ಅವರ ಎಣಿಕೆಯನ್ನೂ ಅಲ್ಲಗಳೆಯುವುದಿಲ್ಲ. ಸಿಡುಬಿನಿಂದ ಸಾಯದೆ ಉಳಿದ ಮಕ್ಕಳು ಆ ಎಣಿಕೆಯಲ್ಲಿ ಇಲ್ಲ, ಅಷ್ಟೆ. ಇನ್ನೊಂದು ಮಾತನ್ನೂ ಹೇಳಬೇಕು. ಹಿಂದೂಗಳ ಆಚಾರ ವಿಚಾರಗಳ ಕುರಿತು ಅವರ ಹೆಸರಿನಲ್ಲಿರುವ ಪ್ರಸಿದ್ಧ ಗ್ರಂಥದ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೇರ್ದು ಅವರ ಬರಹವೇ ಆಧಾರವೆಂದು ವಿದ್ವಾಂಸರು ತೋರಿಸಿದ್ದಾರೆ. ನಮ್ಮ ಜನರ ಬಗ್ಗೆ ಅದರಲ್ಲಿ ಕಟುವಾದ ಮಾತುಗಳೂ ಸಾಕಷ್ಟಿವೆ. ನಮ್ಮಂತೆ ಉಟ್ಟು ಉಣ್ಣುವುದಕ್ಕಿಂತ ನಮ್ಮವರಾಗುವುದು ಕಷ್ಟ. ದೊಡ್ಡ ಸ್ವಾಮಿಯವರಿಗೂ ಅದು ಪೂರ್ತಿ ಒಲಿಯಲಿಲ್ಲವೇನೋ.

ಅದೇ ಪ್ಯಾರಿಸ್ ಸಭೆಯ ಇನ್ನೊಬ್ಬ ಯುವಗುರು ಅಡಾಲ್ಫ್ ರುಲಾನ್ 1896ರಲ್ಲಿ ಚೀನಾದ ಸಿಚುವಾನಿಗೆ ಹೊರಟರು. ಅವರಿಗಾಗಿ ಪ್ರಾರ್ಥಿಸುವ ಹೊಣೆ ಲಿಸ್ಯೂ ಮಠದ ತೆರೇಸಾಳ ಪಾಲಿಗೆ ಬಂತು. ಆಕೆ ತಾನು ಕೆಲಸ ಮಾಡುವ ಕೋಣೆಯ ಗೋಡೆಗೆ ಸಿಚುವಾನಿನ ನಕ್ಷೆಯನ್ನು ಅಂಟಿಸಿಕೊಂಡು, ಅವರಿಗೆ ಪತ್ರ ಬರೆಯುತ್ತಿದ್ದಳು. 1897ರಲ್ಲಿ, 24ನೆಯ ವಯಸ್ಸಿಗೇ ತೀರಿಕೊಂಡಳು. ಪ್ರೇಷಿತಳಾಗಿ ಪರದೇಶಕ್ಕೆ ಕಾಲಿಡದ ಈ ಸಂತಳನ್ನೇ ಧರ್ಮಸಭೆ 1927ರಲ್ಲಿ ಪ್ರೇಷಿತ ಕಾರ್ಯದ ಪಾಲಕಿಯೆಂದು ಸಾರಿತು.

ಆದ್ದರಿಂದ ತಾಯಂದಿರೇ, ನಿಮ್ಮ ಮನೆಯ ಗೋಡೆಯ ಮೇಲೂ ಒಂದು ನಕ್ಷೆ ಇರಲಿ. ಫೋನಿನಲ್ಲಿ ಮಗ ಸಿಕ್ಕಾಗ, ಎಷ್ಟು ಸಾಧಿಸಿದೆ ಎಂದು ಕೇಳಬೇಡಿ. ಇವತ್ತು ಯಾರ ಮನೆಯಲ್ಲಿ ಉಂಡೆ, ಅಲ್ಲಿನ ಮಕ್ಕಳು ನಿನ್ನ ಮಾತು ಕೇಳಿ ನಗುತ್ತಾರಾ ಎಂದು ಕೇಳಿ. ಇತ್ತ ನ್ಯಾಮತಿಗೋ ಜಗಳೂರಿಗೋ ಹೊಸ ಯುವಗುರು ಬಂದಾಗ, ಅವರ ಕನ್ನಡ ತಪ್ಪಿದರೆ ಹಿಂದಿನಿಂದ ನಗದೆ, ಬಲಿಪೂಜೆ ಮುಗಿದ ಮೇಲೆ ಹತ್ತಿರ ಹೋಗಿ "ಫಾದರ್, ನಮ್ಮ ಕಡೆ ಅದನ್ನ ಹಿಂಗಂತೀವಿ" ಎಂದು ತಿದ್ದಿ, ಮನೆಗೆ ಕರೆದು ರೊಟ್ಟಿ ಬಡಿಸಿ.